ಏಳೇ, ನಿನ್ನ ಪಾಳಿ

ಗಂಡ ಹೆಂಡತಿ ಇಬ್ಬರೇ ಹಾಯಿದೋಣಿಯಲ್ಲಿ ಸಮುದ್ರ ದಾಟುವುದೆಂದರೆ ಬೆಳದಿಂಗಳು, ತಂಗಾಳಿ, ಭುಜಕ್ಕೊರಗಿದ ತಲೆ ಎಂದು ನಮ್ಮ ಆಕ್ಲೆಂಡಿನ ಕನ್ನಡ ಬಳಗದವರೆಲ್ಲ ತಿಳಿದಿದ್ದಾರೆ. ತಿಳಿದುಕೊಂಡಿರಲಿ. ಇಬ್ಬರೇ ಇರುವ ದೋಣಿಯಲ್ಲಿ ಒಬ್ಬರು ಎದ್ದಿದ್ದರೆ ಇನ್ನೊಬ್ಬರು ಮಲಗಿರಲೇಬೇಕು. ಮೂರು ಗಂಟೆಗೊಮ್ಮೆ ಪಾಳಿ ಬದಲು. ನ್ಯೂಜಿಲೆಂಡಿನ ಉತ್ತರ ಭಾಗದ ಓಪುವಾ ಬಂದರಿನಿಂದ ಫಿಜಿಗೆ ಸುಮಾರು 1,100 ನಾಟಿಕಲ್ ಮೈಲಿ. ಅಷ್ಟು ದೂರವೂ ನನಗೆ ಸಿಕ್ಕಿದ್ದು ಇವರ ಗೊರಕೆ, ಇವರಿಗೆ ಸಿಕ್ಕಿದ್ದು ನನ್ನ ಮುಸುಕು. ನಮ್ಮ ಸಂಸಾರದಲ್ಲಿ ಇಷ್ಟು ನೆಮ್ಮದಿಯ ಕಾಲ ಹಿಂದೆಂದೂ ಬಂದಿರಲಿಲ್ಲ.

ಇವರು ಮಂಡ್ಯದವರು. ವಿಶ್ವೇಶ್ವರಯ್ಯ ನಾಲೆಯಲ್ಲಿ ಈಜು ಕಲಿತದ್ದನ್ನೇ ನೌಕಾ ತರಬೇತಿಯ ಲೆಕ್ಕಕ್ಕೆ ಹಾಕಿಕೊಂಡವರು. ನಾನು ಶರಾವತಿ ಹಿನ್ನೀರಿನ ಕಡೆಯವಳು. ನನ್ನ ಯಾನವೆಲ್ಲ ಹೊಳೆಬಾಗಿಲಿನ ಲಾಂಚಿನಲ್ಲಿ, ಒಂದು ಕಡೆ ಬಸ್ಸು, ಇನ್ನೊಂದು ಕಡೆ ಸಿಗಂದೂರಿಗೆ ಹೊರಟ ಭಕ್ತರು. ಅಲ್ಲಿಗೂ 2025ರ ಜುಲೈಯಲ್ಲಿ ಸೇತುವೆ ಬಂತು. ಊರಿನವರೆಲ್ಲ ನೀರಿನ ಕಾಟ ತಪ್ಪಿತೆಂದು ನಿಟ್ಟುಸಿರು ಬಿಡುವ ವರ್ಷವೇ ನಾನು ನೀರಿಗಿಳಿದೆ.

ಕಿಚ್ಚು ಹಚ್ಚಿದ್ದು ನಮ್ಮ ಭಾರತದ ನೌಕಾಪಡೆಯ ಹಾಯಿದೋಣಿ ‘ತಾರಿಣಿ’. ದಿಲ್ನಾ ಮತ್ತು ರೂಪಾ ಎಂಬ ಇಬ್ಬರು ಅಧಿಕಾರಿಣಿಯರು 2024ರ ಅಕ್ಟೋಬರಿನಲ್ಲಿ ಗೋವಾ ಬಿಟ್ಟು, ಡಿಸೆಂಬರಿನಲ್ಲಿ ನ್ಯೂಜಿಲೆಂಡಿನ ಲಿಟಲ್ಟನ್ ಮುಟ್ಟಿ, ಮುಂದಿನ ಮೇ ತಿಂಗಳಿಗೆ ಭೂಮಿಯನ್ನೇ ಸುತ್ತಿ ಮನೆಗೆ ಹೋದರು. “ಇಬ್ಬರೇ ಹೆಣ್ಮಕ್ಕಳು ಭೂಮಿ ಸುತ್ತಾರೆ. ನಾವು ಫಿಜಿಗೆ ಹೋಗಕ್ಕಾಗಲ್ವ?” ಅಂದರು ಇವರು. ಅವರಿಗೆ ವರ್ಷಗಟ್ಟಲೆ ತರಬೇತಿಯಾಗಿದೆ, ನೀವು ಸಂಬಳದ ಸಾಫ್ಟ್‌ವೇರ್ ಬರೆಯುವವರು ಎಂದೆ. ನ್ಯೂಜಿಲೆಂಡಿನಲ್ಲಿ ನೋಂದಾಯಿಸಿದ ದೋಣಿ ಹೊರದೇಶಕ್ಕೆ ಹೋಗಬೇಕಾದರೆ ತಪಾಸಣೆಯಾಗಿ ಪ್ರಮಾಣಪತ್ರ ಸಿಗಬೇಕು. ಇವರನ್ನು ನೋಡಿದರೆ ಕೊಡುವುದಿಲ್ಲ ಎಂಬ ಧೈರ್ಯ ನನಗೆ. ಜೀವರಕ್ಷಕ ತೆಪ್ಪ, ಅಪಾಯ ಸಂಕೇತದ ಯಂತ್ರ, ಬೆಂಕಿ ಆರಿಸುವ ಸಿಲಿಂಡರು ಎಲ್ಲ ನೋಡಿ, ನಮ್ಮಿಬ್ಬರನ್ನೂ ನೋಡಿ, ತಪಾಸಣೆಗೆ ಬಂದ ಮನುಷ್ಯ ಕೊಟ್ಟೇಬಿಟ್ಟ.

ನವೆಂಬರಿನಿಂದ ಏಪ್ರಿಲ್‌ವರೆಗೆ ಫಿಜಿ ಕಡೆ ಚಂಡಮಾರುತದ ಕಾಲ. ಅದು ಕಳೆದ ಮೇಲೆ, ಒಂದು ವಾಯುಭಾರ ಕುಸಿತ ಹಾದುಹೋದ ಬೆನ್ನಿಗೇ ಅದರ ನೈಋತ್ಯ ಗಾಳಿ ಹಿಡಿದು ಹೊರಡಬೇಕು. ಗಾಳಿ ಶುಕ್ರವಾರ ಬೆಳಿಗ್ಗೆ ಕೂಡಿಬಂತು. ಶುಕ್ರವಾರ ಹಡಗು ಬಿಡಬಾರದೆಂದು ಬಿಳಿಯ ನಾವಿಕರ ಶಾಸ್ತ್ರ. ಹತ್ತೂವರೆಗೆ ರಾಹುಕಾಲವೆಂದು ನಮ್ಮದು. ಎರಡು ನಾಗರಿಕತೆಗಳು ಒಟ್ಟಾಗಿ ಬೇಡವೆಂದದ್ದನ್ನು ಹವಾಮಾನದ ನಕ್ಷೆಯೊಂದೇ ಸರಿ ಅಂದಿತು. ತೆಂಗಿನಕಾಯಿ ಒಡೆದದ್ದಾಯಿತು. ನಿಂಬೆಹಣ್ಣು ಕೈಯಲ್ಲಿ ಹಿಡಿದು, ಚಕ್ರವೇ ಇಲ್ಲದ ವಾಹನಕ್ಕೆ ಇದನ್ನೆಲ್ಲಿ ಇಡುವುದೆಂದು ಇವರು ಒದ್ದಾಡಿದರು. ಕೊನೆಗೆ ಶರಬತ್ತು ಮಾಡಿದೆ.

ಚುಕ್ಕಾಣಿ ಹಿಡಿದದ್ದು ನಾವಲ್ಲ, ಹನುಮಂತಣ್ಣ. ದೋಣಿಯ ಹಿಂಬದಿಗೆ ಸಿಕ್ಕಿಸಿದ ಗಾಳಿಪಟ್ಟಿಯ ಯಂತ್ರ ಅದು; ವಿದ್ಯುತ್ ಬೇಡ, ಗಾಳಿ ಯಾವ ಕಡೆಯಿಂದ ಬೀಸುತ್ತದೋ ನೋಡಿ, ಅದಕ್ಕೆ ನಾವು ಹೊಂದಿಸಿಟ್ಟ ಕೋನ ಕಾಯುತ್ತದೆ. ವಾಯುಪುತ್ರನಿಗೆ ಸಮುದ್ರ ದಾಟುವುದು ಹೊಸದೂ ಅಲ್ಲ. ಎಚ್ಚರವಿದ್ದವರ ಕೆಲಸ ಹಡಗು ಬರುತ್ತದೆಯೇ ನೋಡುವುದು, ಹಾಯಿ ಸಡಿಲಿಸುವುದು, ಆಮೇಲೆ ಒಳಗೆ ಬಗ್ಗಿ ಕೂಗುವುದು: “ಏಳೇ, ನಿನ್ನ ಪಾಳಿ.” ನಮ್ಮ ಸಂಭಾಷಣೆಯೆಲ್ಲ ಆ ಎರಡು ನಿಮಿಷದಲ್ಲೇ. “ಎಡಗಡೆ ಕಂಟೇನರ್ ಹಡಗು, ದೂರ ಇದೆ. ಅನ್ನ ಕುಕ್ಕರಲ್ಲಿದೆ.” “ಹ್ಞೂಂ.” ಇಷ್ಟರಲ್ಲಿ ಜಗಳಕ್ಕೆ ಜಾಗವೆಲ್ಲಿ? ಆಕ್ಲೆಂಡಿನ ಮನೆಯಲ್ಲಿ ವರ್ಷಗಟ್ಟಲೆ ನಡೆದುಬಂದಿದ್ದ ಮೊಸರು ಹುಳಿಯಾದ ವಾದ, ನಾದಿನಿ ಮದುವೆಯ ವಾದ, ಎಲ್ಲವೂ ದೋಣಿಯ ತಳದಲ್ಲಿ ಮುಗ್ಗಿಹೋದವು.

ಕುಕ್ಕರಿಗೆ ಸಮುದ್ರದಲ್ಲಿರುವ ಗೌರವ ನೆಲದಲ್ಲಿಲ್ಲ. ಮುಚ್ಚಳ ಕಚ್ಚಿ ಹಿಡಿಯುವುದರಿಂದ ದೋಣಿ ಮಗುಚಿಕೊಂಡರೂ ಸಾರು ಚೆಲ್ಲದು, ಗ್ಯಾಸೂ ಉಳಿತಾಯ. ಒಲೆಯನ್ನು ಕೀಲಿನ ಮೇಲೆ ತೂಗುಹಾಕಿರುತ್ತಾರೆ. ದೋಣಿ ವಾಲಿದರೂ ಒಲೆ ಮಟ್ಟಸ. ವಾಲುವುದು ಅಡುಗೆಯವಳು ಮಾತ್ರ. ಹಾಗಿರುವಾಗ ಇವರಿಗೆ ಮೂರನೆಯ ದಿನ ಮುದ್ದೆ ಬೇಕೆನಿಸಿತು. ತಾವೇ ಸೊಂಟಕ್ಕೆ ಪಟ್ಟಿ ಬಿಗಿದು, ಕೋಲು ಹಿಡಿದು ತೊಳಸಿದರು. ಮುದ್ದೆ ಚೆನ್ನಾಗಿಯೇ ಆಯಿತು, ಗಂಟಿಲ್ಲ. ತಟ್ಟೆಗೆ ಹಾಕಿದ್ದೇ ಒಂದು ಅಲೆ ಬಂತು. ದುಂಡಗೆ ಕಟ್ಟಿದ ತಪ್ಪಿಗೆ ಅದು ಮೇಜು ದಾಟಿ, ಮೆಟ್ಟಿಲಿಳಿದು, ಎಂಜಿನ್ನಿನ ಅಡಿಗೆ ಹೋಯಿತು. ನಾನು ಅವಲಕ್ಕಿ ತಿಂದು ಮಲಗಿದೆ. ನನ್ನ ಪಾಳಿ ಇರಲಿಲ್ಲ.

ಉಪಗ್ರಹದ ಇಂಟರ್ನೆಟ್ ಇದ್ದದ್ದರಿಂದ ಕುಟುಂಬದ ಗುಂಪಿನವರೆಲ್ಲ ನಕ್ಷೆಯ ಮೇಲೆ ನಮ್ಮ ಚುಕ್ಕಿ ನೋಡುತ್ತಿದ್ದರು. ಅತ್ತೆಯವರದು ಒಂದೇ ಪ್ರಶ್ನೆ: “ಅಲ್ಲ ಕನವ್ವ, ರಾತ್ರಿ ಹೊತ್ತು ಎಲ್ಲಿ ನಿಲ್ಲಿಸ್ಕೊಂಡು ಮನಿಕತೀರಿ?” ಎಲ್ಲೂ ನಿಲ್ಲಿಸುವುದಿಲ್ಲ, ಹೋಗುತ್ತಲೇ ಇರುತ್ತದೆ ಎಂದರೆ ನಂಬಲಿಲ್ಲ, ಕೆಎಸ್ಸಾರ್ಟಿಸಿಯವನೇ ಊಟಕ್ಕೆ ನಿಲ್ಲಿಸುತ್ತಾನಲ್ಲ ಎಂದರು. ಅವರ ಪುಣ್ಯಕ್ಕೆ ಒಂದು ನಿಲ್ದಾಣ ಸಿಕ್ಕಿತು, ಮಿನರ್ವಾ ರೀಫ್. ನಡುಸಮುದ್ರದಲ್ಲಿ ಹವಳದ ಉಂಗುರ, ಒಳಗೆ ತಿಳಿನೀರು, ಸುತ್ತ ಮರವಿಲ್ಲ, ಮಣ್ಣಿಲ್ಲ. ಭರತ ಬಂದರೆ ದಿಬ್ಬವೂ ಮುಳುಗುತ್ತದೆ. ಅಂಥದ್ದರ ಮೇಲೆ 1972ರಲ್ಲಿ ಅಮೆರಿಕದ ಒಬ್ಬ ಶ್ರೀಮಂತನ ಕಡೆಯವರು ಮರಳು ಸುರಿದು ಗಣರಾಜ್ಯ ಘೋಷಿಸಿದ್ದರು. ಅದೇ ವರ್ಷ ಟೋಂಗಾ ಅವರನ್ನೆಬ್ಬಿಸಿ ತನ್ನದೆಂದಿತು, ಫಿಜಿ ನನ್ನದೆನ್ನುತ್ತದೆ. ಮುಳುಗಿದ ಜಾಗಕ್ಕೆ ಎರಡು ದೇಶಗಳು ದಾಯಾದಿಗಳಂತೆ ಬೇಲಿ ಎಳೆಯುವುದನ್ನು ಕೇಳಿ ಇವರಿಗೆ ತಮ್ಮ ಚಿಕ್ಕಪ್ಪನ ನೆನಪಾಯಿತು. ಇಬ್ಬರೂ ಒಟ್ಟಿಗೆ ಎದ್ದಿದ್ದ ದಿನ ಅದು. ಸಂಜೆಯೊಳಗೆ ಆ ಚಿಕ್ಕಪ್ಪನ ಬಗ್ಗೆ ಮಾತು ಬೆಳೆದು ಅಪಾಯಕ್ಕೆ ಹೋಗುವುದರಲ್ಲಿತ್ತು. ಬೆಳಿಗ್ಗೆ ಲಂಗರು ಎತ್ತಿದೆವು.

ಫಿಜಿ ಕಣ್ಣಿಗಿಂತ ಮೊದಲು ಮೂಗಿಗೆ ಬಂತು. ಹವಳದ ದಂಡೆಯ ನಡುವಿನ ಕಂಡಿಯಲ್ಲಿ ಹಗಲಲ್ಲೇ ನುಗ್ಗಬೇಕೆಂದು ರಾತ್ರಿಯಿಡೀ ಹೊರಗೇ ತೇಲುತ್ತಿದ್ದೆವು. (ಚುಕ್ಕಿ ನಿಂತಿದ್ದಕ್ಕೆ ಮಂಡ್ಯದಲ್ಲಿ ಹರಕೆ ಹೊತ್ತರಂತೆ.) ನಸುಕಿಗೆ ನೆಲದ ಕಡೆಯಿಂದ ಗಾಳಿ ತಿರುಗಿತು. ಒಳಗೆ ಮಲಗಿದ್ದ ಇವರು, ನಾನು ಕೂಗದೆಯೇ ಎದ್ದು ಬಂದು ಮೂಗರಳಿಸಿ, “ಕಬ್ಬು ಅರೀತಾವ್ರೆ ಕಣೇ!” ಅಂದರು. ಲಾಟೋಕಾ ಫಿಜಿಯ ಸಕ್ಕರೆ ನಗರ. ಅಲ್ಲಿ ಕಾರ್ಖಾನೆ ಶುರುವಾದದ್ದು 1903ರಲ್ಲಿ, ಮಂಡ್ಯದ್ದಕ್ಕಿಂತ ಮೂವತ್ತು ವರ್ಷ ಮೊದಲು. ಸಮುದ್ರ ದಾಟಿಸಿ ಇವರು ನನ್ನನ್ನು ಕರೆತಂದದ್ದು ಅತ್ತೆಮನೆಗೇ.

ಬಂದರು ಸೇರಿದ ಮೇಲೆ ಹಳದಿ ಬಾವುಟ ಏರಿಸಿ ಕಾಯಬೇಕು, ಅಧಿಕಾರಿಗಳು ಬರುವವರೆಗೆ ನೆಲ ಮುಟ್ಟುವಂತಿಲ್ಲ. ಸಸ್ಯ, ಬೀಜ, ಜೇನು ತಪಾಸಣೆ ಮಾಡಲು ಬಂದವರು ಭಾರತೀಯ ಮೂಲದ ಹಿರಿಯರು. ಅವರ ಅಜ್ಜ ಮದರಾಸಿನಿಂದ ಗಿರಮಿಟ್ ಒಪ್ಪಂದದ ಮೇಲೆ ಕಬ್ಬಿನ ಗದ್ದೆಗೆ ಬಂದವರು. 1879ರಿಂದ 1916ರವರೆಗೆ ಹಾಗೆ ಬಂದವರು ಅರವತ್ತು ಸಾವಿರದ ಮೇಲೆ. ಆ ಅಜ್ಜನೂ ಹಡಗಿನಲ್ಲೇ ಬಂದದ್ದು, ಆದರೆ ಮೋಜಿಗಲ್ಲ. ಅಜ್ಜನ ಕಥೆ ಹೇಳುತ್ತಲೇ ಅವರು ಫ್ರಿಜ್ ತೆರೆದು ನನ್ನ ಕರಿಬೇವು, ಹಸಿಮೆಣಸು, ಜೇನು ಮೂರನ್ನೂ ಚೀಲಕ್ಕೆ ಹಾಕಿಕೊಂಡರು. ಅಪ್ಪೆಮಿಡಿಯ ಭರಣಿ ಹೊರಬಂದಾಗ ನಾನು ಉಸಿರು ಹಿಡಿದೆ. ಮುಚ್ಚಳ ತೆಗೆದು ಮೂಸಿದರು, ಕಣ್ಣು ಮುಚ್ಚಿದರು. ಇಂಥ ಉಪ್ಪಿನಲ್ಲಿ ಯಾವ ಹುಳವೂ ಬದುಕದು ಎಂದು ಫಿಜಿ ಹಿಂದಿಯಲ್ಲಿ ಹೇಳಿ ಮುಚ್ಚಿಟ್ಟರು. ಕರಿಬೇವಿಗೆ ಚಿಂತಿಸಬೇಡಿ, ಸಂಜೆ ನಮ್ಮನೆಗೆ ಬನ್ನಿ, ಹಿತ್ತಲಲ್ಲಿ ಮರವೇ ಇದೆ ಅಂದರು.

ಹೋದೆವು. ಅವರ ಮನೆಯಾಕೆ ಕೆಸುವಿನೆಲೆಗೆ ಬೇಳೆಹಿಟ್ಟು ಸವರಿ ಸುರುಳಿ ಸುತ್ತಿ ಬೇಯಿಸಿದ್ದರು. ಅಲ್ಲಿ ಅದು ಸೈನಾ, ನಮ್ಮ ಪತ್ರೊಡೆಯ ತಂಗಿ. ನಾವಿಬ್ಬರೂ ಎಲೆಯ ತುರಿಕೆ ಕಳೆಯಲು ಹುಣಸೆ ಎಷ್ಟು ಬೇಕೆಂಬಲ್ಲಿ ಮುಳುಗಿದರೆ, ಗಂಡಸರು ಟನ್ನಿಗೆ ಎಷ್ಟು, ಬಾಕಿ ಯಾವಾಗ ಕೊಡುತ್ತಾರೆ ಎಂಬಲ್ಲಿ. ಕಬ್ಬು ಬೆಳೆಗಾರರ ದೂರಿಗೆ ಭಾಷೆಯ ಅಡ್ಡಿಯೇನೂ ಇಲ್ಲ.

ತೊಂದರೆ ಶುರುವಾದದ್ದು ಆಮೇಲೆ. ಲಂಗರು ಬಿದ್ದ ದೋಣಿಗೆ ಪಾಳಿ ಬೇಡ. ಇಬ್ಬರೂ ಒಟ್ಟಿಗೆ ಏಳುತ್ತೇವೆ, ಒಟ್ಟಿಗೆ ಕಾಫಿ ಕುಡಿಯುತ್ತೇವೆ, ಡಿಕಾಕ್ಷನ್ ತೆಳುವಾದದ್ದು ಯಾರಿಂದ ಎಂದು ಒಟ್ಟಿಗೆ ಚರ್ಚಿಸುತ್ತೇವೆ. ನಾದಿನಿ ಮದುವೆ ತಳದಿಂದ ಎದ್ದು ಬಂದಿದೆ. ಚಂಡಮಾರುತದ ಕಾಲಕ್ಕೆ ಮೊದಲು ವಾಪಸಾಗಬೇಕು. ಫಿಜಿಯ ನಾಂದಿ ಊರಿನಿಂದ ಆಕ್ಲೆಂಡಿಗೆ ವಿಮಾನದಲ್ಲಿ ಮೂರೇ ಗಂಟೆ, ನೀನು ಬೇಕಾದರೆ ಅದರಲ್ಲೇ ಹೋಗೋಣ ಅನ್ನು, ದೋಣಿ ಇಲ್ಲೇ ಮಾರಿ ನಾನೂ ಬರ್ತೀನಿ ಅಂದರು ಇವರು, ದೊಡ್ಡ ತ್ಯಾಗದ ಮುಖ ಮಾಡಿ. ಮೂರು ಗಂಟೆ ಅಂದರೆ ಒಂದು ಇಡೀ ಪಾಳಿ, ಅದೂ ಇಬ್ಬರೂ ಎಚ್ಚರವಾಗಿ, ಅಕ್ಕಪಕ್ಕದ ಸೀಟಿನಲ್ಲಿ. ದೋಣಿಯಲ್ಲೇ ಹೋಗೋಣ ಎಂದೆ.