ತಡಿ, ಕನೆಕ್ಟ್ ಆಗ್ತೈತೆ

ಬಾಡಿಗೆ ಕ್ರೂಸರ್‌ನಲ್ಲಿ ಡ್ರೈವರ್ ಪಕ್ಕದ ಸೀಟು ಯಾರದು ಅನ್ನುವುದಕ್ಕೆ ನಮ್ಮ ಕಡೆ ಒಂದು ಕ್ರಮ ಇದೆ. ಮೊದಲು ಹಿರಿಯರು, ಆಮೇಲೆ ವಾಂತಿ ಮಾಡಿಕೊಳ್ಳುವವರು, ಆಮೇಲೆ ಬಾಡಿಗೆ ಕೊಡುವವರು. ಈ ಮೂರರಲ್ಲಿ ಯಾವುದೂ ಅಲ್ಲದೆ, ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಆ ಸೀಟಿನಲ್ಲೇ ಕೂತು ಬಂದವನು ನಮ್ಮ ಜಾಕಣ್ಣ.

ಅಪ್ಪ-ಅಮ್ಮ ಇಟ್ಟ ಹೆಸರು ಬೇರೆ. ಒಂದು ಸಲ ಮಲೇಬೆನ್ನೂರಿನ ಆಚೆ ಹಿಂದಿನ ಟೈರು ಪಂಕ್ಚರ್ ಆಯಿತು. ಡ್ರೈವರ್ ಗಾಡಿಯ ಕೆಳಗೆ ತೂರಿಕೊಂಡು, ಕೈ ಮಾತ್ರ ಹೊರಗೆ ಚಾಚಿ, "ಅಣ್ಣಾ, ಜಾಕ್ ಕೊಡ್ರಿ" ಎಂದ. ಇವನು ಜೇಬಿನಿಂದ ಆಕ್ಸ್ ವೈರು ತೆಗೆದು ಆ ಕೈಯಲ್ಲಿಟ್ಟ. ತಮಾಷೆಗಲ್ಲ. ಪ್ರಾಮಾಣಿಕವಾಗಿ ಇಟ್ಟ. ಅಂದಿನಿಂದ ಜಾಕಣ್ಣ.

ಇಂಥವನೊಬ್ಬ ನಿಮ್ಮ ಬಳಗದಲ್ಲೂ ಇರುತ್ತಾನೆ. ಅಂಗಿ ಜೇಬಿನಲ್ಲಿ ಪೆನ್ನು ಇರಬೇಕಾದ ಕಡೆ ಪೆನ್‌ಡ್ರೈವ್ ಇರುತ್ತದೆ. ಮದುವೆಗೋ ಮಣ್ಣಿಗೋ, ಎಲ್ಲಿಗೆ ಹೊರಟರೂ ಗಾಡಿ ಹತ್ತಿದ ತಕ್ಷಣ ಅವನ ಕಣ್ಣು ಹೋಗುವುದು ಸೆಟ್ಟಿನ ಮೇಲೆ. "ತೂತು ಐತಾ?" ಎಂದು ಕೇಳುತ್ತಾನೆ. ಆಕ್ಸ್ ತೂತು ಇದ್ದರೆ ಒಂದು ವೈರು, ಯುಎಸ್‌ಬಿ ತೂತಾದರೆ ಇನ್ನೊಂದು, ಎರಡೂ ಇಲ್ಲದಿದ್ದರೆ ಸಿಗರೇಟು ಹಚ್ಚುವ ತೂತಾದರೂ ಸಾಮಾನ್ಯಕ್ಕೆ ಇರುತ್ತದೆ. ಯಾವ ತೂತೂ ಇಲ್ಲದ ಗಾಡಿಯಲ್ಲಿ ಅವನು ಮುಖ ಊದಿಸಿಕೊಂಡು ಕೂರುತ್ತಾನೆ.

ನಾನು ಹರಿಹರದವನು. ಪ್ರತಿವರ್ಷ ಫೆಬ್ರವರಿ ನಡುವಿಗೆ ಜಾಕಣ್ಣ ಮತ್ತಿತರ ಗೆಳೆಯರ ತಾಂಡಾದ ಗಾಡಿಯಲ್ಲಿ ಸೂರಗೊಂಡನಕೊಪ್ಪಕ್ಕೆ ಹೋಗುವ ರೂಢಿ. ಸಂತ ಸೇವಾಲಾಲರು 1739ರ ಫೆಬ್ರವರಿ 15ರಂದು ಹುಟ್ಟಿದರೆಂದು ನಂಬುವ ಜಾಗ ಅದು. ಬಂಜಾರರ ಬಾಯಲ್ಲಿ ಭಾಯಾಗಡ. ಮಲೇಬೆನ್ನೂರು, ಹೊನ್ನಾಳಿ ದಾಟಿ ನ್ಯಾಮತಿ ಕಡೆ ಹೊರಳಬೇಕು. ಈ ಊರೂ ಒಂಥರಾ ರೇಡಿಯೊ ಟ್ಯೂನ್ ಮಾಡಿದ ಹಾಗೆ ತಿರುಗಿದೆ: 1997ರವರೆಗೆ ಶಿವಮೊಗ್ಗ ಜಿಲ್ಲೆ, ಆಮೇಲೆ ದಾವಣಗೆರೆ, 2018ರ ಹೊತ್ತಿಗೆ ಹೊನ್ನಾಳಿ ತಾಲ್ಲೂಕಿನಿಂದ ನ್ಯಾಮತಿ ತಾಲ್ಲೂಕಿಗೆ. ಊರು ಕೂತಲ್ಲೇ ಕೂತಿದೆ, ಮುಳ್ಳು ಮಾತ್ರ ಅತ್ತಿತ್ತ.

ಜಾಕಣ್ಣನ ಮೊದಲ ಅಸ್ತ್ರ ನಾನು ಕಂಡಂತೆ ಬಾಲದ ಕ್ಯಾಸೆಟ್ಟು. ನೋಡಲು ಥೇಟ್ ಕ್ಯಾಸೆಟ್, ಒಳಗೆ ರೀಲೇ ಇಲ್ಲ. ಸೆಟ್ಟಿನ ಹೆಡ್ಡಿಗೆ ಮುಖ ಮಾಡಿ ಕೂತ ಇನ್ನೊಂದು ಪುಟ್ಟ ಹೆಡ್ಡು, ಅದರಿಂದ ಹೊರಬಿದ್ದ ಇಲಿ ಬಾಲದಂಥ ವೈರು, ವೈರಿನ ತುದಿಯಲ್ಲಿ ಪ್ಲೇಯರು. ಹಾಡಿನ ಕರೆಂಟು ಒಳಗಿನ ಹೆಡ್ಡಿನಲ್ಲಿ ಅಯಸ್ಕಾಂತವಾಗಿ ಕುಣಿಯುತ್ತದೆ. ಸೆಟ್ಟು ಪಾಪ, ರೀಲೇ ಓಡುತ್ತಿದೆ ಎಂದು ನಂಬಿ ಹಾಡುತ್ತದೆ. ಆದರೆ ಆಟೊ ರಿವರ್ಸ್ ಸೆಟ್ಟುಗಳು ಇಷ್ಟು ಸುಲಭಕ್ಕೆ ಮೋಸ ಹೋಗುತ್ತಿರಲಿಲ್ಲ. ರೀಲು ಮುಗಿಯಿತೆಂದು ತಿಳಿದು ಕಟಕ್ ಎಂದು ಮಗ್ಗುಲು ಬದಲಿಸುತ್ತಿದ್ದವು. ಆ ಮಗ್ಗುಲಲ್ಲಿ ಏನೂ ಇಲ್ಲ. ಮತ್ತೆ ಕಟಕ್. ಹರಿಹರದಿಂದ ಹೊನ್ನಾಳಿವರೆಗೆ ನಾವು ಕೇಳಿದ್ದು ಹೆಚ್ಚಿನ ಪಾಲು ಕಟಕ್ಕೇ. ಜಾಕಣ್ಣ ಮಾತ್ರ ಬೆರಳು ಒತ್ತಿ ಹಿಡಿದು ಹೇಳುತ್ತಿದ್ದ, "ತಡಿ, ಕನೆಕ್ಟ್ ಆಗ್ತೈತೆ."

ಅವನ ಕಡೆಯಿಂದಲೂ ಒಂದು ಮಾತು ಹೇಳಬೇಕು. 1979ರಲ್ಲಿ ಸೋನಿಯವರು ವಾಕ್‌ಮನ್ ತಂದಾಗ ಅದರಲ್ಲಿ ಹೆಡ್‌ಫೋನಿಗೆ ಎರಡು ಜಾಕ್ ಇಟ್ಟಿದ್ದರು, ಇಬ್ಬರು ಕೂಡಿ ಕೇಳಲಿ ಎಂದು. ಅವರ ಔದಾರ್ಯ ಇಬ್ಬರಿಗೆ ನಿಂತಿತು. 2001ರಲ್ಲಿ ಬಂದ ಐಪಾಡ್‌ನಲ್ಲಿ ಅದೂ ಇಲ್ಲ, ಸಾವಿರ ಹಾಡಿಗೆ ಒಂದೇ ತೂತು. ಜಾಕಣ್ಣನಿಗೆ ಇದು ಸ್ವಾರ್ಥವಾಗಿ ಕಂಡಿತು. ಸಂತೆಯಲ್ಲಿ ಕೊಂಡ, ಟಿವಿ ರಿಮೋಟಿನ ಸೆಲ್ಲು ಹಾಕಿದರೆ ಹಾಡುವ ತನ್ನ ಬೆಂಕಿಪೊಟ್ಟಣದಂಥ ಪ್ಲೇಯರನ್ನು ಅವನು 'ಐಪಾಡು' ಎಂದೇ ಕರೆದು, ಕ್ರೂಸರಿನ ಹದಿಮೂರು ಜನಕ್ಕೂ ಹಂಚಿದ. ಕೇಳಿದವರಿಗೂ, ಕೇಳದವರಿಗೂ, ನಿದ್ದೆ ಹತ್ತಿದವರಿಗೂ. ಮನೆಯಲ್ಲಿ ಅವನ ಹೆಂಡತಿ ರಿಮೋಟನ್ನು ಅಂಗೈಗೆ ಬಡಿದು ಬಡಿದು ನೋಡುತ್ತಿದ್ದರಂತೆ.

ಆಮೇಲೆ ಬಂದದ್ದು ಎಫ್ಎಂ ಮಾಡ್ಯುಲೇಟರ್. ಅವನ ಬಾಯಲ್ಲಿ 'ಮಾಡ್ಲೇಟರ್'. ಸಿಗರೇಟಿನ ತೂತಿಗೆ ತುರುಕಿದರೆ ಅದೊಂದು ಗುಬ್ಬಚ್ಚಿ ಆಕಾಶವಾಣಿ. ಒಂದು ನಂಬರಿಗೆ ಅದನ್ನು ಇಟ್ಟು, ಸೆಟ್ಟನ್ನೂ ಅದೇ ನಂಬರಿಗೆ ತಿರುಗಿಸಿದರೆ ಹಾಡು ಗಾಳಿಯಲ್ಲಿ ಎರಡು ಗೇಣು ಹಾರಿ ಸೆಟ್ಟಿಗೆ ಬೀಳುತ್ತದೆ. ತಾನು ನಿಲಯದ ಮುಖ್ಯಸ್ಥನೆಂಬ ಭಾವ ಜಾಕಣ್ಣನಿಗೆ ಆಗಲೇ ಬಂದದ್ದು. ಮೊದಲ ದಿನ ಅವನು ಆರಿಸಿಕೊಂಡ ನಂಬರು 103.5. ಭದ್ರಾವತಿ ಆಕಾಶವಾಣಿಯವರು ಅದೇ ನಂಬರಿನಲ್ಲಿ ಮೊದಲೇ ಕೂತಿದ್ದಾರೆ. ಎಫ್ಎಂ ಸೆಟ್ಟಿನ ಗುಣ ಏನೆಂದರೆ, ಒಂದೇ ನಂಬರಿಗೆ ಇಬ್ಬರು ಬಂದರೆ ಜೋರಿದ್ದವನ ಕೈ ಹಿಡಿದು ಇನ್ನೊಬ್ಬನನ್ನು ಪೂರ್ತಿ ಮರೆಯುತ್ತದೆ. ನ್ಯಾಮತಿ ಹತ್ತಿರವಾಗುತ್ತಿದ್ದಂತೆ, ನಾಯಕಿ ನಾಯಕನ ಎದೆಗೆ ಒರಗಬೇಕಾದ ಕಡೆ ದನಗಳ ಕಾಲುಬಾಯಿ ಜ್ವರಕ್ಕೆ ಲಸಿಕೆ ಹಾಕಿಸುವ ಕ್ರಮ ಬಂತು. ಜಾಕಣ್ಣ ಗಾಬರಿಯಾಗಿ ಗುಂಡಿ ಒತ್ತತೊಡಗಿದ. ಹಿಂದಿನ ಸೀಟಿನಿಂದ ಒಂದು ದನಿ: "ಏ, ಇರಲಿ ಬಿಡೋ ಮಾರಾಯ, ನಮ್ಮ ಎಮ್ಮೀದು ಕೇಳ್ಬೇಕಿತ್ತು." ಅಷ್ಟೂ ವರ್ಷಗಳಲ್ಲಿ ಆ ಗಾಡಿಯಲ್ಲಿ ಶ್ರೋತೃವೊಬ್ಬ ತಾನಾಗಿ ಕೇಳಿದ ಏಕೈಕ ಕಾರ್ಯಕ್ರಮ ಅದು.

ಅದೇ ದಿನ ಭಾಯಾಗಡದ ಗಾಡಿ ನಿಲ್ಲಿಸುವ ಬಯಲಿನಲ್ಲಿ ನಡೆದದ್ದನ್ನು ನಾನು ಸಾಯುವವರೆಗೆ ಮರೆಯಲಾರೆ. ಮಹಾರಾಷ್ಟ್ರದಿಂದ, ತೆಲಂಗಾಣದಿಂದ, ವಿಜಯಪುರದ ಕಡೆಯಿಂದ ಬಂದ ಕ್ರೂಸರ್, ಟೆಂಪೊ, ಟ್ರ್ಯಾಕ್ಟರ್. ಮಾಲೆ ಹಾಕಿದವರು ಗುಂಪುಗುಂಪಾಗಿ ನಡೆದು ಬರುತ್ತಿದ್ದಾರೆ, ದೂರದಲ್ಲಿ ನಂಗಾರಾ ಬಾರಿಸುವ ಸದ್ದು. ಗುಡಿಯೊಳಗೆ ಭೋಗ್‌ಗೆ ತುಪ್ಪ-ಬೆಲ್ಲ ಹಿಡಿದು ಜನ ಕಾದಿದ್ದಾರೆ. ನಮ್ಮ ಜೊತೆ ಬಂದಿದ್ದ ಮುದುಕಿ, ಎಲ್ಲರೂ 'ಯಾಡಿ' ಎಂದೇ ಕರೆಯುವವರು, ಇಳಿದು ಸೀದಾ ಗುಡಿ ಕಡೆ ಹೊರಟರು. ಜಾಕಣ್ಣ ಇಳಿಯಲಿಲ್ಲ. ಅಷ್ಟು ಹೊತ್ತಿಗೆ ಅವನು 103.5 ಬಿಟ್ಟು 87.5ಕ್ಕೆ ಓಡಿಹೋಗಿದ್ದ, ಅಲ್ಲಿ ಯಾರೂ ಇರಲ್ಲ, ಕೊನೇ ಮನೆ ಎಂದು ಅವನ ಲೆಕ್ಕ.

ಆ ಲೆಕ್ಕ ಬಯಲಿನಲ್ಲಿದ್ದ ಎಲ್ಲ ಜಾಕಣ್ಣಂದಿರದೂ ಆಗಿತ್ತು.

ಇವನು ಹಾಕಿದ್ದು ರಾಜ್‌ಕುಮಾರ್ ಹಾಡು. ನಮ್ಮ ಸೆಟ್ಟಿನಲ್ಲಿ ಬಂದದ್ದು ಮರಾಠಿ. ಗುಂಡಿ ಒತ್ತಿದ, ತೆಲುಗು ಬಂತು. ಅಷ್ಟರಲ್ಲಿ ಪಕ್ಕದ ಗಾಡಿಯೊಳಗಿಂದ ರಾಜ್‌ಕುಮಾರ್ ದನಿ ಕೇಳಿಸಿತು. ಆ ಗಾಡಿಯ ಮುಂದಿನ ಸೀಟಿನಲ್ಲೂ ಒಬ್ಬ ತಲೆ ಬಗ್ಗಿಸಿ ಗುಂಡಿ ಒತ್ತುತ್ತಿದ್ದಾನೆ, ಜೇಬಿನಿಂದ ವೈರು ಇಣುಕುತ್ತಿದೆ. ಇಬ್ಬರೂ ಒಟ್ಟಿಗೇ ತಲೆ ಎತ್ತಿದರು. ನಾನು ಜಗಳವಾಗುತ್ತದೆ ಎಂದುಕೊಂಡೆ. ಐದು ನಿಮಿಷದಲ್ಲಿ ಜಾಕಣ್ಣ ಆ ಗಾಡಿಯಲ್ಲಿ ಕೂತಿದ್ದ. ಅವನು ಸೋಲಾಪುರದ ಕಡೆಯವನು. ಇವನ ಲಂಬಾಣಿಗೂ ಅವನ ಲಂಬಾಣಿಗೂ ಅಲ್ಲಲ್ಲಿ ವ್ಯತ್ಯಾಸ ಬಂದರೂ, 'ಮಾಡ್ಲೇಟರ್' ಇಬ್ಬರಿಗೂ ಒಂದೇ. ನಂಬರು ಹಂಚಿಕೊಂಡರು, ವೈರು ಹೋಲಿಸಿಕೊಂಡರು. ಯಾಡಿ ದರ್ಶನ, ಊಟ ಎಲ್ಲ ಮುಗಿಸಿ ಬಂದು ಬಾಗಿಲು ಬಡಿದಾಗಲೂ ಇಬ್ಬರೂ 88.1 ಪರೀಕ್ಷೆ ಮಾಡುತ್ತಿದ್ದರು. "ಸೇವಾಲಾಲ್ ಮಹಾರಾಜರ ದರ್ಶನ ಆಯ್ತೇನೋ?" ಎಂದು ಯಾಡಿ ಕೇಳಿದರೆ, "ಆಗ್ತದೆ ಯಾಡಿ, ಈಗ ಸಿಗ್ನಲ್ ಬಂತು" ಎಂದ.

ಹೇರೆತ್ತುಗಳ ಮೇಲೆ ಉಪ್ಪು, ದವಸ ಹೇರಿಕೊಂಡು ಊರಿಂದೂರಿಗೆ ಹೋಗುತ್ತಿದ್ದ ಜನರ ಮೊಮ್ಮಕ್ಕಳು ಇವರು. ಆ ಎತ್ತುಗಳ ಕೊರಳಿಗೆ ಗಂಟೆ ಕಟ್ಟಿದವನೊಬ್ಬ ಇದ್ದನಲ್ಲ, ದಾರಿಯುದ್ದಕ್ಕೂ "ಈ ಗಂಟೆ ಸರಿಯಿಲ್ಲ, ನಿಲ್ಲಿಸ್ರಿ, ಬದಲಾಯಿಸ್ತೀನಿ" ಎಂದು ಇಡೀ ತಾಂಡಾವನ್ನು ನಿಲ್ಲಿಸಿದವನು, ಅವನೇ ಜಾಕಣ್ಣನ ಮೂಲಪುರುಷ ಎಂದು ನನ್ನ ಗುಮಾನಿ.

ಆಕ್ಸ್ ವೈರಿನ ಕಾಲದಲ್ಲಿ ಹೊಸ ರಗಳೆ. ಫೋನು ಗಾಡಿಯ ಚಾರ್ಜರಿಗೂ ಸೆಟ್ಟಿಗೂ ಒಟ್ಟಿಗೆ ಸಿಕ್ಕಿಕೊಂಡರೆ ಆಲ್ಟರ್ನೇಟರಿನ ಕುಂಯ್ಗುಡುವಿಕೆ ಹಾಡಿನೊಳಗೆ ನುಸುಳುತ್ತದೆ; ಆಕ್ಸಿಲರೇಟರ್ ತುಳಿದಷ್ಟೂ ಶ್ರುತಿ ಏರುತ್ತದೆ. ಹೊನ್ನಾಳಿ ಸೇತುವೆ ಮೇಲೆ ಲಾರಿ ಹಿಂದಿಕ್ಕುವಾಗ ಅದು ತಾರಸ್ಥಾಯಿ ಮುಟ್ಟುತ್ತಿತ್ತು. ಚಾರ್ಜರ್ ಕಿತ್ತರೆ ಸದ್ದು ನಿಲ್ಲುತ್ತದೆ, ಫೋನೂ ಸಾಯುತ್ತದೆ. ಪೆನ್‌ಡ್ರೈವ್ ಬಂದ ಮೇಲೆ ಅದೂ ಹೋಯಿತು. ಮೊಬೈಲ್ ಅಂಗಡಿಯಲ್ಲಿ ದುಡ್ಡು ಕೊಟ್ಟು ತುಂಬಿಸಿದ ಆರುನೂರು ಹಾಡು, ಅವುಗಳ ನಡುವೆ ಹೊಲದ ಪಹಣಿ, ಮಗಳ ಬಯೊಡೇಟಾ. ಒಮ್ಮೆ ಸೆಟ್ಟು ಅದನ್ನೂ ಹಾಡಲು ನೋಡಿ ಕೈಚೆಲ್ಲಿತು.

ಇಷ್ಟೆಲ್ಲ ತಾಪತ್ರಯಪಟ್ಟು ಹಾಕಿದ ಹಾಡನ್ನು ಅವನು ಕೇಳುತ್ತಾನೆಯೇ? ಇಲ್ಲ. ಪಲ್ಲವಿ ಸರಿಯಾಗಿ ಬಂತೆಂದರೆ ಕೆಲಸ ಮುಗಿಯಿತು. ಮೊದಲ ಚರಣಕ್ಕೆ ಮುಂಚೆ ಬೆರಳು ಮುಂದಿನದಕ್ಕೆ ಹೋಗಿರುತ್ತದೆ. "ಇದಕ್ಕಿಂತ ಚೆಂದದ್ದು ಐತೆ ಇರು" ಎನ್ನುತ್ತಾನೆ. ಆ ಚೆಂದದ್ದಕ್ಕೂ ಇದೇ ಗತಿ. ಅಷ್ಟು ವರ್ಷಗಳಲ್ಲಿ ನಾನು ನೂರಾರು ಪಲ್ಲವಿ ಕಲಿತಿದ್ದೇನೆ. ಒಂದೇ ಒಂದು ಚರಣ ಬರುವುದಿಲ್ಲ.

ಹೋದ ಸಲ ಅವನ ಅಣ್ಣನ ಮಗ ಹೊಸ ಕಾರು ತಂದಿದ್ದ. ಅಂಗೈ ಅಗಲದ ಪರದೆ, ತೂತೇ ಕಾಣುವುದಿಲ್ಲ. ಬಾಗಿಲು ಹಾಕುವಷ್ಟರಲ್ಲಿ ಹುಡುಗನ ಫೋನು ತಾನೇ ಹೋಗಿ ಸೆಟ್ಟಿಗೆ ಕೂಡಿಕೊಂಡಿತು. ಹಾಡು ಬಂತು. ಜಾಕಣ್ಣ ಜೇಬಿನಲ್ಲಿದ್ದ ವೈರನ್ನು ಮುಟ್ಟಿಕೊಂಡು ಸುಮ್ಮನೆ ಕೂತ. ಮಲೇಬೆನ್ನೂರು ಬಂತು. "ಬಾಸ್ ಸ್ವಲ್ಪ ಜಾಸ್ತಿ ಆಯ್ತೇನೋ?" ಎಂದ. "ಸರಿ ಐತೆ ಕಾಕಾ" ಎಂದ ಹುಡುಗ. ಹಾಡು ಪಲ್ಲವಿ ದಾಟಿತು, ಮೊದಲ ಚರಣ ದಾಟಿತು, ಎರಡನೆಯದೂ ದಾಟಿ, ಕೊಳಲು ಒಮ್ಮೆ ಎಳೆದು ನಿಂತೇಹೋಯಿತು. ಜಾಕಣ್ಣ ತನ್ನ ಕಾಲದಲ್ಲಿ ನಾಲ್ಕೂ ಬಗೆಯ ತೂತಿನಿಂದ ನಮಗೆ ಹಾಕಿದ್ದ ಹಾಡು ಅದು.

"ಇದು ಹಿಂಗೆ ಮುಗೀತದಾ?" ಎಂದು ಹಿಂದೆ ತಿರುಗಿ ನನ್ನನ್ನು ಕೇಳಿದ.

ನನಗೂ ಗೊತ್ತಿರಲಿಲ್ಲ. ಹೊನ್ನಾಳಿ ಸೇತುವೆ ಹತ್ತುವಾಗ ಅವನು ಹುಡುಗನ ಕಡೆ ಬಗ್ಗಿ, ಮೆಲ್ಲಗೆ, "ಒಂದ್ಸಲ ಡಿಸ್ಕನೆಕ್ಟ್ ಮಾಡಪ್ಪ," ಎಂದ. "ನಾನು ಕನೆಕ್ಟ್ ಮಾಡ್ತೀನಿ."