ಚೆನ್ನೈಗೆ ದೇವನಹಳ್ಳಿ ದಾರಿ

ದೇವನಹಳ್ಳಿಯಲ್ಲಿರುವ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಚೆನ್ನೈ ನಿಲ್ದಾಣಕ್ಕೆ ಆಕಾಶಮಾರ್ಗದಲ್ಲಿ ಸುಮಾರು 270 ಕಿ.ಮೀ. ಟಿಕೆಟ್ಟಿನಲ್ಲಿ ಒಂದು ಗಂಟೆ ಎಂದಿರುತ್ತದೆ. ರನ್‌ವೇವರೆಗೆ ತೆವಳುವ ಹೊತ್ತೂ ಅದರಲ್ಲೇ ಸೇರಿದೆ. ಕಾಫಿ ಆರುವ ಮೊದಲೇ ಬೆಲ್ಟ್ ಕಟ್ಟಿಕೊಳ್ಳಿ ಅನ್ನುತ್ತಾರೆ.

ಈ ಒಂದು ಗಂಟೆಯನ್ನು ನಂಬಿ ಹೊರಟವರು ಎಲೆಕ್ಟ್ರಾನಿಕ್ ಸಿಟಿಯ ಎಂಜಿನಿಯರೊಬ್ಬರು. ಅವರ ಮನೆ ಇರುವುದೇ ಹೊಸೂರು ರಸ್ತೆಯಲ್ಲಿ, ಅಂದರೆ ಚೆನ್ನೈ ದಾರಿಯಲ್ಲಿ. ಆದರೂ ಚೆನ್ನೈಗೆ ಬೆನ್ನು ಹಾಕಿ, ಊರನ್ನೇ ಸೀಳಿಕೊಂಡು, ಐವತ್ತು ಕಿ.ಮೀ.ಗೂ ಹೆಚ್ಚು ಉತ್ತರಕ್ಕೆ ಹೊರಟರು. ಅದೇ ಹೊತ್ತಿಗೆ, ಅವರ ಮನೆಯ ಗೇಟಿನಿಂದಲೇ, ಚೆನ್ನೈಗೇ ಹೊರಟಿದ್ದ ಸಹೋದ್ಯೋಗಿ ಕಾರನ್ನು ಹೊಸೂರಿನತ್ತ ತಿರುಗಿಸಿದ.

ಎಂಜಿನಿಯರ್ ಸಾಹೇಬರು ಫ್ಲೈಓವರ್ ಇಳಿದು ಸಿಲ್ಕ್ ಬೋರ್ಡಿನಲ್ಲಿ ನಿಂತಾಗ ಗೆಳೆಯ ಅತ್ತಿಬೆಲೆ ದಾಟಿ ತಮಿಳುನಾಡಿನಲ್ಲಿದ್ದ. ಇವರು ಹೆಬ್ಬಾಳಕ್ಕೆ ಬಂದಾಗ ಅವನು ಕೃಷ್ಣಗಿರಿ ಬಿಟ್ಟಿದ್ದ. ಕೊನೆಗೂ ದೇವನಹಳ್ಳಿ ಬಂತು. ಸೆಕ್ಯುರಿಟಿ ಸಾಲಿನಲ್ಲಿ ಲ್ಯಾಪ್‌ಟಾಪ್ ಒಂದು ಟ್ರೇಗೆ, ಚಾರ್ಜರ್ ಇನ್ನೊಂದಕ್ಕೆ, ಬೆಲ್ಟು ಮತ್ತು ಮೊಬೈಲು ಮತ್ತೊಂದಕ್ಕೆ. ಟ್ರೇ ಯಂತ್ರದೊಳಗೆ ಹೋಯಿತೋ ಇಲ್ಲವೋ, ಮೊಬೈಲು ಒಳಗಿನಿಂದಲೇ ಹಾಡತೊಡಗಿತು. ಸಾಲಿನವರೆಲ್ಲ ತಿರುಗಿ ನೋಡಿದರು. ಬೆಲ್ಟಿಲ್ಲದ ಪ್ಯಾಂಟನ್ನು ಎಡಗೈಯಲ್ಲಿ ಹಿಡಿದು, ಬಲಗೈಯನ್ನು ತಪಾಸಣೆಯವರ ಮುಂದೆ ಚಾಚಿ, ಸಾಹೇಬರು ನಿಂತೇ ಇದ್ದರು. ಟ್ರೇ ಅರ್ಧ ಹೊರಬಂದು, ಯಾಕೋ ಮನಸ್ಸು ಬದಲಿಸಿ, ಮತ್ತೆ ಒಳಗೆ ಹೋಯಿತು. ಹಾಡು ನಿಲ್ಲಲಿಲ್ಲ. ಅಂತೂ ಮೊಬೈಲು ಕೈಗೆ ಸಿಕ್ಕಿತು.

"ಗುರು, ಆಂಬೂರಲ್ಲಿದ್ದೀನಿ. ಬಿರಿಯಾನಿ ಹೇಳಿದ್ದೀನಿ. ನೀನು ಚೆನ್ನೈಗೆ ಹೋಗಿ ಸೇರಿದ್ಯಾ?"

ಸಾಹೇಬರು ಬೆಂಗಳೂರಿನಲ್ಲೇ ಇದ್ದರು. ಕೊನೆಗೆ ಅರ್ಧ ಗಂಟೆ ಮೊದಲು ಚೆನ್ನೈ ತಲುಪಿ ಗೆದ್ದರಂತೆ. ಆ ಅರ್ಧ ಗಂಟೆಯನ್ನು ಕ್ಯಾಬ್ ನುಂಗಿದ್ದನ್ನು ಕ್ಯಾಂಟೀನಿನಲ್ಲಿ ಅವರೇ ನಕ್ಕು ನಕ್ಕು ಹೇಳುತ್ತಾರೆ.

ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟವರಿಗೆ ನಿಲ್ದಾಣ ಸೇರುವ ಈ ಪಾಡು ಲೆಕ್ಕಕ್ಕಿಲ್ಲ. 2021ರ ಜನವರಿಯಲ್ಲಿ ಶುರುವಾದ ನೇರ ವಿಮಾನ ಹಾರಿದ್ದು ಸುಮಾರು 14,000 ಕಿ.ಮೀ., ಹೆಬ್ಬಾಳದ ಜಾಮ್ ಅದರೊಳಗೆ ಎಲ್ಲೋ ಕರಗಿಹೋಗುತ್ತದೆ. ಪೆಟ್ಟು ಬೀಳುವುದು ಹತ್ತಿರದ ಊರಿಗೆ ಹಾರುವವರಿಗೆ.

ನಗುವ ವಿಷಯವೂ ಅಲ್ಲ. 2008ರ ಮೇ ತಿಂಗಳವರೆಗೆ ವಿಮಾನಗಳು ಎಚ್‌ಎಎಲ್ ನಿಲ್ದಾಣದಿಂದಲೇ ಹಾರುತ್ತಿದ್ದವು. ಮಾರತಹಳ್ಳಿ, ವೈಟ್‌ಫೀಲ್ಡಿನವರಿಗೆ ಅದು ಪಕ್ಕದ ಮನೆ. ದೇವನಹಳ್ಳಿ ನಿಲ್ದಾಣ ತೆರೆದೊಡನೆ ಎಚ್‌ಎಎಲ್‌ನ ದಿನನಿತ್ಯದ ಪ್ರಯಾಣಿಕ ಹಾರಾಟ ನಿಂತಿತು. ಹೊಸ ನಿಲ್ದಾಣದ ಒಪ್ಪಂದದ ಪ್ರಕಾರ ಮೈಸೂರು, ಹಾಸನ ಬಿಟ್ಟರೆ 150 ಕಿ.ಮೀ. ಒಳಗೆ 2033ರವರೆಗೆ ಬೇರೆ ನಿಲ್ದಾಣ ಬರುವಂತಿಲ್ಲ. ಊರು ಬೆಳೆದದ್ದು ದಕ್ಷಿಣಕ್ಕೂ ಪೂರ್ವಕ್ಕೂ, ವಿಮಾನ ಉಳಿದದ್ದು ಉತ್ತರದಲ್ಲಿ. ಇದನ್ನು ಯೋಜನೆ ಅನ್ನಬೇಕೇ?

2018ರ ಮಾರ್ಚಿನಲ್ಲಿ ಎಲೆಕ್ಟ್ರಾನಿಕ್ ಸಿಟಿಯಿಂದ ನಿಲ್ದಾಣಕ್ಕೆ ಹೆಲಿಕಾಪ್ಟರ್ ಟ್ಯಾಕ್ಸಿ ಬಂತು. ಹದಿನೈದೇ ನಿಮಿಷದ ಹಾರಾಟಕ್ಕೆ ಆಗ 3,500 ರೂಪಾಯಿ ಇತ್ತು, ತೆರಿಗೆ ಬೇರೆ. ಎಷ್ಟೋ ದಿನ ಚೆನ್ನೈ ವಿಮಾನದ ಟಿಕೆಟ್ಟೇ ಅದಕ್ಕಿಂತ ಅಗ್ಗವಿತ್ತು! 2025ರ ಆಗಸ್ಟಿನಲ್ಲಿ ಹಳದಿ ಮೆಟ್ರೊ ಎಲೆಕ್ಟ್ರಾನಿಕ್ ಸಿಟಿ ಮುಟ್ಟಿತು. ಸಿಲ್ಕ್ ಬೋರ್ಡಿನಿಂದ ನಿಲ್ದಾಣದವರೆಗಿನ ಸುಮಾರು 58 ಕಿ.ಮೀ. ನೀಲಿ ಮಾರ್ಗ ಬಂದರೆ ಸಾಹೇಬರ ಕಷ್ಟ ಅರ್ಧ ಇಳಿದೀತು. ಅಲ್ಲಿಯವರೆಗೆ ಎಲೆಕ್ಟ್ರಾನಿಕ್ ಸಿಟಿಯಿಂದ ಚೆನ್ನೈಗೆ ಹೊರಡುವವರು ಆಂಬೂರಿನ ದಾರಿ ಹಿಡಿಯುವುದೇ ವಾಸಿ.