ಕೊಳವೆಗೆ ಕಚ್ಚು, ತಲೆಗೆ ಹುಚ್ಚು

ಸೈಕಲ್ ಫ್ರೇಮ್ ಅಂದರೆ ನಾಲ್ಕಾರು ಕೊಳವೆ ಜೋಡಿಸಿ ವೆಲ್ಡಿಂಗ್ ಮಾಡಿದರಾಯಿತು ಅನ್ನುವವರಿಗೆ ದೊಡ್ಡ ನಮಸ್ಕಾರ. ಒಂದು ದುಂಡು ಕೊಳವೆ ಇನ್ನೊಂದು ದುಂಡು ಕೊಳವೆಯ ಮೈಗೆ ಸಂದಿಲ್ಲದಂತೆ ಕೂರಬೇಕಾದರೆ ಅದರ ತುದಿಯನ್ನು ಮೀನು ಬಾಯಿ ತೆರೆದಂತೆ ಕತ್ತರಿಸಬೇಕು. ಕಾಗದದಲ್ಲಿ ಆಕಾರ ಬರೆದು, ಕೊಳವೆಗೆ ಸುತ್ತಿ, ಗರಗಸ, ಅರ ಹಿಡಿದು ಕೂತರೆ ಕೆಲಸ ಮುಗಿಯುತ್ತದೆ. ಇಷ್ಟು ಸಲೀಸಾಗಿ ಮುಗಿದುಬಿಟ್ಟರೆ ಎಂಜಿನಿಯರುಗಳ ಮರ್ಯಾದೆ ಏನಾಗಬೇಕು?

ಸೈಕಲ್ ಕಟ್ಟಲು ಹೊರಟ ನನ್ನ ಗೆಳೆಯ ಆ ಕೆಲಸವನ್ನು ಕಂಪ್ಯೂಟರಿಗೇ ವಹಿಸಿದ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಆರ್ಡುಯಿನೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು, ಹೆಜ್ಜೆ ಹೆಜ್ಜೆಯಾಗಿ ತಿರುಗುವ ಸ್ಟೆಪರ್ ಮೋಟರುಗಳು ಮನೆ ಸೇರಿದವು. ಒಂದು ಮೋಟರು ಕೊಳವೆ ತಿರುಗಿಸಬೇಕು, ಇನ್ನೊಂದು ಕಟರನ್ನು ಹಿಂದೆ ಮುಂದೆ ಸರಿಸಬೇಕು. ಮೋಟರಿನ ಒಂದು ಸುತ್ತಿನಲ್ಲಿ 200 ಹೆಜ್ಜೆ, ಹೆಜ್ಜೆಗೆ 1.8 ಡಿಗ್ರಿ. ಕಟರು ಎಲ್ಲಿ ಎಷ್ಟು ಸರಿಯಬೇಕೆಂದು ಲೆಕ್ಕ ಹಾಕುವಾಗ, ಪಿಯುಸಿಯಲ್ಲಿ ಶಪಿಸುತ್ತಲೇ ಕಲಿತ ಸೈನ್, ಕಾಸ್‌ಗಳಿಗೆ ಕೊನೆಗೂ ಉದ್ಯೋಗ ಸಿಕ್ಕಿತು.

ಹಾಲ್ ತುಂಬ ಹರಡಿದ್ದ ಯಂತ್ರವನ್ನು ಸುತ್ತಿ ಬಂದ ಅವನಮ್ಮ ಕೇಳಿದ್ದು ಒಂದೇ ಮಾತು: "ಎಲ್ಲಾ ಸರಿ ಕಣೋ, ಇದರಲ್ಲಿ ಎಲ್ಲಿ ಕೂತ್ಕೋಬೇಕು?"

ಯಂತ್ರವೇನೋ ಸೊಗಸಾಗಿ ಕತ್ತರಿಸುತ್ತದೆ. ತೊಂದರೆಯೆಂದರೆ, ಒಂದು ಸೈಕಲ್ಲಿಗೆ ಬೇಕಾದ ತುದಿಗಳೇ ಬೆರಳೆಣಿಕೆಯಷ್ಟು. ಅವು ಮುಗಿದು ಯಂತ್ರ ಸುಮ್ಮನೆ ಕೂತಿದೆ. ಈಗ ಅವನು ಕಂಡವರಿಗೆಲ್ಲ ಹಲ್ಲುಗಿಂಜಿ, "ನಿಮಗೊಂದು ಸೈಕಲ್ ಬೇಕಿತ್ತಾ ಸಾರ್?" ಅನ್ನುತ್ತಿದ್ದಾನೆ.